ಗೊರಿಲ್ಲಾಗಳ ಗೆಳತಿ ಡಯಾನ್ ಫಾಸಿ

ಆಫ್ರಿಕಾ ಖಂಡದ ನಡುವೆ ರುವಾಂಡ ಎಂಬ ಪುಟ್ಟ ದೇಶವಿದೆ. ಅದರ ಗಡಿಯಲ್ಲಿ ಕಾಂಗೋ, ಉಗಾಂಡ ದೇಶಗಳಿಗೂ ಹಬ್ಬಿದ ವಿರುಂಗ ಪರ್ವತಗಳ ಸಾಲಿದೆ. ಮಂಜು ಮುಸುಕಿದ ಅಲ್ಲಿನ ಕಾಡು ಬೆಟ್ಟದ ಗೊರಿಲ್ಲಾಗಳ ತವರು. ಅವುಗಳಿಗಾಗಿ ತನ್ನ ಬಾಳನ್ನೇ ಮುಡಿಪಾಗಿಟ್ಟವಳು ಡಯಾನ್ ಫಾಸಿ.

ಡಯಾನ್ ಹುಟ್ಟಿದ್ದು 1932ರ ಜನವರಿ 16ರಂದು, ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಬಾಲ್ಯದಲ್ಲೇ ತಂದೆತಾಯಿ ಬೇರೆಯಾದರು. ಮಲತಂದೆ ಕಟ್ಟುನಿಟ್ಟಿನವನು; ಸಾಕಲು ಒಂದು ಹೊನ್ನಮೀನು ಬಿಟ್ಟರೆ ಬೇರೆ ಪ್ರಾಣಿಗೆ ಮನೆಯಲ್ಲಿ ಎಡೆಯಿರಲಿಲ್ಲ. ಪಶುವೈದ್ಯೆಯಾಗಲು ಕಾಲೇಜು ಸೇರಿದಳು. ವಿಜ್ಞಾನದ ಪರೀಕ್ಷೆಗಳಲ್ಲಿ ಸೋತಳು. ಆದರೂ ಎದೆಗುಂದದೆ ಬೇರೆ ಶಿಕ್ಷಣ ಪಡೆದು, ಅಂಗವಿಕಲ ಮಕ್ಕಳ ಆಸ್ಪತ್ರೆಯಲ್ಲಿ ಸೇವೆಗೆ ನಿಂತಳು.

1963ರಲ್ಲಿ ಸಾಲ ಮಾಡಿ ಆಫ್ರಿಕಾ ಪ್ರವಾಸ ಕೈಗೊಂಡಳು. ಆಗ ಪ್ರಸಿದ್ಧ ವಿಜ್ಞಾನಿ ಲೂಯಿ ಲೀಕಿಯ ಪರಿಚಯವಾಯಿತು. ಮೂರು ವರ್ಷಗಳ ಬಳಿಕ ಗೊರಿಲ್ಲಾಗಳ ಅಧ್ಯಯನಕ್ಕೆ ಆತನೇ ಆಕೆಯನ್ನು ಆರಿಸಿದ. ಮೊದಲು ಕಾಂಗೋದಲ್ಲಿ ಕೆಲಸ ಆರಂಭವಾಯಿತು. ಅಂತರ್ಯುದ್ಧದಿಂದಾಗಿ ಅಲ್ಲಿಂದ ತಪ್ಪಿಸಿಕೊಂಡು ಬರಬೇಕಾಯಿತು. 1967ರ ಸೆಪ್ಟೆಂಬರ್ 24ರಂದು ರುವಾಂಡದ ಬೆಟ್ಟದ ಮೇಲೆ, ಸುಮಾರು 3,000 ಮೀಟರ್ ಎತ್ತರದಲ್ಲಿ, ಎರಡು ಗುಡಾರ ಹಾಕಿ ಕೇಂದ್ರವೊಂದನ್ನು ತೆರೆದಳು. ಕರಿಸಿಂಬಿ, ವಿಸೋಕೆ ಎಂಬ ಎರಡು ಬೆಟ್ಟಗಳ ಹೆಸರು ಕೂಡಿಸಿ ಅದನ್ನು ಕರಿಸೋಕೆ ಎಂದು ಕರೆದಳು.

ಗೊರಿಲ್ಲಾಗಳು ಮೊದಮೊದಲು ಆಕೆಯನ್ನು ಕಂಡು ಓಡುತ್ತಿದ್ದವು. ಡಯಾನ್ ಅವುಗಳಂತೆಯೇ ನೆಲಕ್ಕೆ ಬಾಗಿ ನಡೆದಳು, ಮೈ ಕೆರೆದುಕೊಂಡಳು, ಸೊಪ್ಪು ಜಗಿದಳು, ಅವುಗಳ ದನಿಯನ್ನು ಅನುಕರಿಸಿದಳು. ಕ್ರಮೇಣ ಅವುಗಳ ಭಯ ಹೋಯಿತು. ಕ್ರೂರಮೃಗಗಳೆಂದು ಜಗತ್ತು ಹೆದರುತ್ತಿದ್ದ ಗೊರಿಲ್ಲಾಗಳು ಸೌಮ್ಯ ಸ್ವಭಾವದ, ಕುಟುಂಬವತ್ಸಲ ಜೀವಿಗಳೆಂದು ಆಕೆ ತೋರಿಸಿಕೊಟ್ಟಳು. ಬೆರಳು ಸೊಟ್ಟಗಿದ್ದ ಡಿಜಿಟ್ ಎಂಬ ಗಂಡು ಗೊರಿಲ್ಲಾ ಆಕೆಗೆ ಅಚ್ಚುಮೆಚ್ಚು. 1977ರ ಕೊನೆಯ ದಿನ ಕಳ್ಳಬೇಟೆಗಾರರು ಈಟಿಗಳಿಂದ ಅದನ್ನು ಕೊಂದರು.

ಅಲ್ಲಿಂದ ಡಯಾನ್ ಉಗ್ರಳಾದಳು. ಉರುಲುಗಳನ್ನು ಕಿತ್ತಳು, ಕಾವಲುಪಡೆ ಕಟ್ಟಿದಳು. ಸೆರೆಸಿಕ್ಕ ಬೇಟೆಗಾರರನ್ನು ಹೊಡೆದು ಹಿಂಸಿಸಿದ್ದೂ, ಕಾಡಿಗೆ ಬಂದ ದನಗಳಿಗೆ ಗುಂಡಿಕ್ಕಿದ್ದೂ ಉಂಟು. ಇದನ್ನು ಯಾರೂ ಮೆಚ್ಚಲಾರರು. ಏಕೆಂದರೆ ಸುತ್ತಲಿನ ರೈತರು ಬಡವರು, ಅವರ ಹೊಲಗಳು ಅಂಗೈಯಗಲ. 1969ರಲ್ಲೇ ಕೀಟನಾಶಕಕ್ಕೆ ಬೇಕಾದ ಪೈರೆತ್ರಮ್ ಹೂವಿನ ಬೆಳೆಗಾಗಿ ಸುಮಾರು 10,000 ಹೆಕ್ಟೇರ್ ಕಾಡು ಹೋಗಿತ್ತು. ಮುಂದೆ ದನಗಳ ಮೇವಿಗಾಗಿ ಮತ್ತಷ್ಟು ಕಡಿಯುವ ಆಲೋಚನೆ ಸರಕಾರಕ್ಕಿತ್ತು.

ಆಗ ಬೇರೆ ಕೆಲವರು ಇನ್ನೊಂದು ದಾರಿ ಹುಡುಕಿದರು. ಪ್ರವಾಸಿಗರಿಗೆ ಗೊರಿಲ್ಲಾಗಳನ್ನು ತೋರಿಸಿದರೆ ಕಾಡು ನಿಂತಲ್ಲೇ ಹಣ ತರುತ್ತದೆಂಬುದು ಅವರ ವಾದ. 1979ರಲ್ಲಿ ಆ ಯೋಜನೆ ಆರಂಭವಾಯಿತು. ಡಯಾನ್ ಒಪ್ಪಲಿಲ್ಲ. ಜನಜಂಗುಳಿಯಿಂದ ಗೊರಿಲ್ಲಾಗಳಿಗೆ ಕಾಟ ಹಾಗೂ ರೋಗ ತಗಲುವುದೆಂದು ಆಕೆಗೆ ಭಯ.

1985ರ ಡಿಸೆಂಬರ್ 26ರ ರಾತ್ರಿ ತನ್ನ ಗುಡಿಸಲಿನಲ್ಲೇ ಆಕೆ ಕೊಲೆಯಾದಳು. ಕೊಂದವರಾರೆಂಬ ವಿವಾದ ಇಂದಿಗೂ ತೀರಿಲ್ಲ. ಡಿಜಿಟ್‌ನ ಸಮಾಧಿಯ ಬಳಿಯೇ ಆಕೆಯನ್ನು ಮಣ್ಣುಮಾಡಲಾಯಿತು.

ಮಕ್ಕಳೇ, ಈ ವಾದದಲ್ಲಿ ಗೆದ್ದವರು ಯಾರು? 1981ರ ಗಣತಿಯಲ್ಲಿ ವಿರುಂಗದಲ್ಲಿ ಸುಮಾರು 250 ಗೊರಿಲ್ಲಾಗಳಿದ್ದವು. 1994ರ ಭೀಕರ ನರಮೇಧವನ್ನೂ ದಾಟಿ ಅವು 2015–16ರ ಗಣತಿಯಲ್ಲಿ 604 ಆದವು. ಪ್ರವಾಸಿಗರ ಹಣದ ಒಂದು ಪಾಲು ಸುತ್ತಲಿನ ಊರುಗಳ ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆ ಸಲ್ಲುತ್ತಿದೆ. ಉಳಿದ ಕಾಡು ಮಳೆನೀರನ್ನು ಹಿಡಿದಿಟ್ಟು ರೈತರ ಹೊಲಗಳಿಗೆ ಕೊಡುತ್ತಿದೆ. ಭೂಮಿಯ ತಾಪ ಏರಿಸುವ ಇಂಗಾಲವನ್ನು ತನ್ನ ಮರಗಳಲ್ಲಿ ಅಡಗಿಸಿಕೊಂಡಿದೆ. ಹಾಗೆಂದು ಡಯಾನಳ ಭಯ ಸುಳ್ಳಾಗಿರಲಿಲ್ಲ. ಮನುಷ್ಯನ ನೆಗಡಿಯೂ ಗೊರಿಲ್ಲಾಗಳಿಗೆ ಮಾರಕವಾಗಬಲ್ಲುದು. ಆದ್ದರಿಂದಲೇ ಒಂದು ಗುಂಪಿನ ಬಳಿಗೆ ದಿನಕ್ಕೆ ಎಂಟೇ ಪ್ರವಾಸಿಗರಿಗೆ, ಒಂದೇ ಗಂಟೆ, ದೂರದಿಂದ ನೋಡಲು ಅಪ್ಪಣೆ.

ಆಕೆ ಕಾವಲು ನಿಲ್ಲದಿದ್ದರೆ ಪ್ರವಾಸಿಗರಿಗೆ ತೋರಿಸಲು ಗೊರಿಲ್ಲಾಗಳೇ ಉಳಿಯುತ್ತಿರಲಿಲ್ಲವೇನೋ. ಹಳ್ಳಿಯವರಿಗೆ ಪಾಲು ಸಿಗದಿದ್ದರೆ ಆ ಕಾವಲು ಬಹುಕಾಲ ನಿಲ್ಲುತ್ತಿರಲಿಲ್ಲ. ಕಾಡನ್ನು ಪ್ರೀತಿಸುವವರು ಕಾಡಂಚಿನ ಜನರನ್ನೂ ಪ್ರೀತಿಸಬೇಕು. ಡಯಾನಳ ಸಾಧನೆ, ತಪ್ಪು ಎರಡೂ ನಮಗೆ ಕಲಿಸುವ ಪಾಠವಿದು.