ದೀನಬಂಧು ಆಂಡ್ರೂಸ್

ನವರಾತ್ರಿಯಲ್ಲಿ ನಾವು ಪೂಜಿಸುವ ಜಗನ್ಮಾತೆ ಆರ್ತರ ಮೊರೆಗೆ ಓಗೊಡುವವಳು. ಆರ್ತರ ಮೊರೆಗೆ ಓಗೊಟ್ಟ ಮಾನವರು ಎಲ್ಲ ಮತಗಳಲ್ಲಿಯೂ ಆಗಿಹೋಗಿದ್ದಾರೆ. ಅಂಥವರಲ್ಲಿ ಒಬ್ಬರಾದ ಕ್ರೈಸ್ತ ಪಾದ್ರಿಯೊಬ್ಬರನ್ನು ಈ ಪರ್ವಕಾಲದಲ್ಲಿ ಸ್ಮರಿಸುವುದು ಉಚಿತವೇ ಸರಿ.

ಚಾರ್ಲ್ಸ್ ಫ್ರೀಯರ್ ಆಂಡ್ರೂಸ್ 1871ರ ಫೆಬ್ರವರಿ 12ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ, ಪಾದ್ರಿಯಾಗಿ, 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಬೋಧಿಸಲು ಬಂದವರು ತಾವೇ ವಿದ್ಯಾರ್ಥಿಯಾದರು. ವೃದ್ಧ ಮುಸ್ಲಿಂ ವಿದ್ವಾಂಸ ಜಕಾವುಲ್ಲಾ ಅವರಿಗೆ ಪಿತೃಸಮಾನರಾದರು. ಕಾಂಗ್ಡಿ ಗುರುಕುಲದ ಮುನ್ಷಿರಾಮರು, ಎಂದರೆ ಮುಂದೆ ಸ್ವಾಮಿ ಶ್ರದ್ಧಾನಂದರೆನಿಸಿದವರು, ಆಪ್ತಮಿತ್ರರಾದರು. 1906ರಲ್ಲಿ ಕಾಲೇಜಿನ ಪ್ರಾಂಶುಪಾಲ ಪದವಿಯು ಭಾರತೀಯರಾದ ಸುಶೀಲ್ ಕುಮಾರ್ ರುದ್ರರಿಗೇ ಸಲ್ಲಬೇಕೆಂದು ಆಂಡ್ರೂಸರು ಪಟ್ಟುಹಿಡಿದರು, ಹಾಗೆಯೇ ಆಯಿತು.

ಆ ಕಾಲದಲ್ಲಿ ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಕರಾರು ಮುಗಿಸಿಯೂ ಅಲ್ಲಿಯೇ ನೆಲೆಸಿದ ಭಾರತೀಯ ಕೂಲಿಗಾರರ ಮೇಲೆ ವರ್ಷಕ್ಕೆ 3 ಪೌಂಡ್ ತಲೆಗಂದಾಯವಿತ್ತು. ಆಗಿನ ವಿನಿಮಯದಂತೆ ಅದು 45 ರೂಪಾಯಿ. ಬಡ ಕೂಲಿಗಾರನಿಗೆ ಹಲವು ತಿಂಗಳ ದುಡಿಮೆ. ಹಿಂದೂ ಮುಸ್ಲಿಂ ವಿಧಿಗಳಂತೆ ನಡೆದ ವಿವಾಹಗಳಿಗೆ 1913ರಲ್ಲಿ ನ್ಯಾಯಾಲಯದ ಮಾನ್ಯತೆಯೂ ತಪ್ಪಿತು. ಗಾಂಧೀಜಿ ಹೂಡಿದ ಸತ್ಯಾಗ್ರಹದಲ್ಲಿ ಮುಸ್ಲಿಂ ವರ್ತಕ ಕಾಛಲಿಯಾ, ತಮಿಳರಾದ ತಂಬಿ ನಾಯ್ಡು, ಯೆಹೂದ್ಯರಾದ ಪೋಲಕ್ ಹಾಗೂ ಕ್ಯಾಲನ್‌ಬಾಕ್ ಜೊತೆಗೂಡಿದರು. ಗೋಖಲೆಯವರ ನಿಧಿಗೆ ಆಂಡ್ರೂಸರು ತಮ್ಮ ಉಳಿತಾಯವನ್ನೆಲ್ಲ ಅರ್ಪಿಸಿದರು. ಬಳಿಕ ಗೆಳೆಯ ಪಿಯರ್ಸನ್ನರೊಡನೆ ತಾವೇ ಹೊರಟರು. 1914ರ ಜನವರಿಯ ಆರಂಭದಲ್ಲಿ ಡರ್ಬನ್ ಬಂದರಿನಲ್ಲಿ ಕೂಲಿಯವರ ಉಡುಪಿನಲ್ಲಿದ್ದ ಗಾಂಧೀಜಿಯನ್ನು ಕಂಡೊಡನೆ ಬಾಗಿ ಅವರ ಪಾದಗಳನ್ನು ಮುಟ್ಟಿದರು. ಬಿಳಿಯನೊಬ್ಬ ಕರಿಯನಿಗೆ ನಮಿಸಿದನೆಂದು ಅಲ್ಲಿನ ಬಿಳಿಯರು ಕೆರಳಿದರು. ಆಂಡ್ರೂಸರು ವಿಚಲಿತರಾಗದೆ ಸ್ಮಟ್ಸ್ ಹಾಗೂ ಗಾಂಧೀಜಿಯವರ ನಡುವಣ ಸಂಧಾನಕ್ಕೆ ನೆರವಾದರು. ಅದೇ ವರ್ಷ ತಲೆಗಂದಾಯ ರದ್ದಾಯಿತು; ವಿವಾಹಗಳಿಗೆ ಮಾನ್ಯತೆ ದೊರೆಯಿತು.

ಭಾರತಕ್ಕೆ ಮರಳಿದ ಬಳಿಕ ಅವರು ದೆಹಲಿಯ ಹುದ್ದೆ ತೊರೆದು ರವೀಂದ್ರನಾಥರ ಶಾಂತಿನಿಕೇತನವನ್ನು ಸೇರಿದರು. ಅಲ್ಲಿಂದ 1915ರಲ್ಲಿ ಫಿಜಿ ದ್ವೀಪಗಳಿಗೆ ತೆರಳಿದರು. ಕಲ್ಕತ್ತ, ಮದರಾಸುಗಳಿಂದ ಹಡಗೇರಿ ಹೋದ ನಮ್ಮ ಜನ ಅಲ್ಲಿ 5 ವರ್ಷಗಳ ಕರಾರಿಗೆ ಕಟ್ಟುಬಿದ್ದು ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದರು. 100 ಪುರುಷರಿಗೆ 40 ಸ್ತ್ರೀಯರು ಎಂಬ ಲೆಕ್ಕದಲ್ಲಿ ಜನರನ್ನು ಸಾಗಿಸುತ್ತಿದ್ದುದರಿಂದ ಸಂಸಾರದ ಘನತೆಯೇ ಅಲ್ಲಿ ಉಳಿದಿರಲಿಲ್ಲ. ಅವರೂ ಪಿಯರ್ಸನ್ನರೂ 1916ರಲ್ಲಿ ಪ್ರಕಟಿಸಿದ ವರದಿ ದೇಶದ ಕಣ್ತೆರೆಸಿತು. ಅದೇ ವರ್ಷ ಆಚಾರನಿಷ್ಠ ಬ್ರಾಹ್ಮಣರಾದ ಮದನಮೋಹನ ಮಾಲವೀಯರು ಈ ಪದ್ಧತಿಯ ರದ್ದತಿಗಾಗಿ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು. 1917ರಲ್ಲಿ ಕೂಲಿ ಸಾಗಣೆ ನಿಂತಿತು. 1920ರ ಜನವರಿ 1ರಂದು ಫಿಜಿಯ ಕಟ್ಟಕಡೆಯ ಕರಾರುಗಳೂ ರದ್ದಾದವು. ಆ ಬಡಜನರ ಕೃತಜ್ಞತೆಯೇ ಅವರನ್ನು ದೀನಬಂಧುವನ್ನಾಗಿಸಿತು.

1924ರಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಗಾಂಧೀಜಿ ದೆಹಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡಾಗ ಹಾಸಿಗೆಯ ಬಳಿಯಿದ್ದು ಶುಶ್ರೂಷೆ ಮಾಡಿದವರಲ್ಲಿ ಆಂಡ್ರೂಸರೂ ಒಬ್ಬರು. ಅಕ್ಟೋಬರ್ 8ರಂದು ಉಪವಾಸ ಮುಗಿಯುವ ಮುನ್ನ ಇಮಾಮ್ ಸಾಹೇಬರು ಕುರಾನ್ ಪಠಿಸಿದರು. ಆಂಡ್ರೂಸರು ಕ್ರಿಸ್ತಸ್ತುತಿ ಹಾಡಿದರು. ವಿನೋಬಾ ಉಪನಿಷತ್ತನ್ನು ಹೇಳಿದರು. ಯಾರೂ ತಮ್ಮ ಮತವನ್ನು ಬಿಡಲಿಲ್ಲ, ಇನ್ನೊಬ್ಬರನ್ನು ಬಿಡಿಸಲೂ ಇಲ್ಲ.

1940ರ ಏಪ್ರಿಲ್ 5ರಂದು ಆಂಡ್ರೂಸರು ಕಲ್ಕತ್ತದಲ್ಲಿ ದೈವಾಧೀನರಾದರು. ಕ್ರಿಸ್ತನ ಮೇಲಣ ಭಕ್ತಿ ಕಡೆಯವರೆಗೂ ಕುಂದಲಿಲ್ಲ; ಆ ಭಕ್ತಿಯೇ ಅವರನ್ನು ಕೂಲಿಯವರ ಗುಡಿಸಲಿಗೆ ಕರೆದೊಯ್ದಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರವನ್ನು ಸೇರಿದ ನಮಗೆ ಪರಸ್ಥಳದ ಬಾಳು ತಿಳಿಯದ್ದೇನಲ್ಲ. ನಮಗಿಂತ ಬಡವರಾಗಿ ಬಂದು, ನಮ್ಮ ಮನೆಗಳನ್ನು ಕಟ್ಟಿ, ಬೀದಿ ಗುಡಿಸುವವರೂ ನಮ್ಮ ಸುತ್ತಲೇ ಇದ್ದಾರೆ. ಬನ್ನಿ ಹಂಚುವ ದಿನ ಅವರನ್ನು ಮರೆಯದಿದ್ದರೆ ದೀನಬಂಧುವಿನ ಸ್ಮರಣೆ ಸಾರ್ಥಕವಾದೀತು.