ನಾಣ್ಯಶಿಲ್ಪಿ ಆಸ್ಕರ್ ರೊತಿ

ಫ್ರಾನ್ಸ್ ದೇಶದ ನಾಣ್ಯಶಿಲ್ಪಿ ಆಸ್ಕರ್ ರೊತಿ 1846ರಲ್ಲಿ ಪ್ಯಾರಿಸಿನಲ್ಲಿ ಜನಿಸಿದನು. ಪದಕಗಳ ಕೆತ್ತನೆಯಲ್ಲಿ ನಿಪುಣನಾಗಿ 1875ರಲ್ಲಿ ರೋಮ್ ಪಾರಿತೋಷಕವನ್ನು ಪಡೆದನು. 1887ರಲ್ಲಿ ಕೃಷಿ ಇಲಾಖೆಯ ಪದಕಕ್ಕೆಂದು, ಬಗಲಲ್ಲಿ ಚೀಲ ಹೊತ್ತು ಬೀಜ ಬಿತ್ತುತ್ತ ನಡೆಯುವ ಹೆಣ್ಣಿನ ರೂಪವನ್ನು ರಚಿಸಿದನು. ಆ ಪದಕವು ಹೊರಬರಲೇ ಇಲ್ಲ. ಕೆಲವು ವರ್ಷಗಳ ತರುವಾಯ ಸರಕಾರವು ಹೊಸ ಬೆಳ್ಳಿನಾಣ್ಯವನ್ನು ಬಯಸಿದಾಗ ಆತನು ಅದೇ ರೂಪವನ್ನು ತಿದ್ದಿ ಒಪ್ಪಿಸಿದನು. 1897ರಿಂದ ಆ ಬಿತ್ತುವವಳು ಮನೆಮನೆಯ ಕೈಸೇರಿದಳು; 1903ರಲ್ಲಿ ಅಂಚೆಚೀಟಿಯನ್ನೂ ಏರಿದಳು. ರೊತಿ 1911ರಲ್ಲಿ ತೀರಿಕೊಂಡನು. 1960ರ ಹೊಸ ಫ್ರಾಂಕಿನಲ್ಲಿಯೂ, 2002ರಲ್ಲಿ ಚಲಾವಣೆಗೆ ಬಂದ ಫ್ರಾನ್ಸಿನ ಯೂರೋ ಚಿಲ್ಲರೆಯಲ್ಲಿಯೂ ಅವಳು ಮತ್ತೆ ಮೂಡಿದಳು.

ಹಿಂಗಾರಿಯ ಹದ ಕಾದು ಜೋಳ ಬಿತ್ತುವ ಡಫಳಾಪುರದ ನಮಗೆ ಈ ಬಾಳಿನ ಮರ್ಮವು ಅಪರಿಚಿತವಲ್ಲ. ಮಳೆ ತಡವಾದರೂ ಬೀಜವನ್ನು ಕಾಯ್ದಿರಿಸುವೆವು. ಗಡಿಯಲ್ಲಿ ನಮ್ಮ ನುಡಿಯನ್ನೂ ಹಾಗೆಯೇ ಕಾಯ್ದುಕೊಳ್ಳೋಣ.