ಲಿ ಶಿಝೆನ್: ಒಂದು ಗ್ರಂಥಕ್ಕಾಗಿ 27 ವರ್ಷ



ಹಳೆಯ ಮದ್ದೆಲ್ಲವೂ ಒಳ್ಳೆಯದೆನ್ನುವವರನ್ನೂ ಹಳೆಯದೆಲ್ಲ ಮೂಢನಂಬಿಕೆ ಎನ್ನುವವರನ್ನೂ ನೀವು ಕಂಡಿರಬಹುದು. ಈ ಎರಡೂ ಗುಂಪಿಗೆ ಸೇರದೆ, ಪರೀಕ್ಷಿಸಿ ನೋಡೋಣ ಎಂದು ಹೊರಟವರು ಚೀನಾದ ವೈದ್ಯ ಲಿ ಶಿಝೆನ್.

ಅವರು ಹುಟ್ಟಿದ್ದು 1518ರಲ್ಲಿ, ಇಂದಿನ ಹುಬೈ ಪ್ರಾಂತ್ಯದ ಚಿಝೌ ಎಂಬಲ್ಲಿ. ಅಜ್ಜ ಊರೂರು ಅಲೆದು ಮದ್ದು ಕೊಡುತ್ತಿದ್ದವರು, ತಂದೆಯೂ ವೈದ್ಯರೇ. ಆದರೆ ವೈದ್ಯವೃತ್ತಿಗೆ ಆಗ ಹೆಚ್ಚಿನ ಗೌರವವಿರಲಿಲ್ಲ. ಮಗ ಸರ್ಕಾರಿ ಅಧಿಕಾರಿಯಾಗಲಿ ಎಂಬುದು ತಂದೆಯ ಆಸೆ. ಲಿ ಶಿಝೆನ್ ಪ್ರಾಂತೀಯ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣರಾದರು. ಬಳಿಕ ತಂದೆಯ ಬಳಿಯೇ ವೈದ್ಯ ಕಲಿತರು.

ಹಳೆಯ ಔಷಧ ಗ್ರಂಥಗಳನ್ನು ಓದುತ್ತಾ ಅವರಿಗೆ ತಪ್ಪುಗಳು ಕಾಣತೊಡಗಿದವು. ಒಂದೇ ಗಿಡಕ್ಕೆ ಎರಡು ಹೆಸರು, ಎರಡು ಗಿಡಕ್ಕೆ ಒಂದೇ ಹೆಸರು. ಇಂಥ ತಪ್ಪು ರೋಗಿಯ ಪ್ರಾಣಕ್ಕೇ ಕುತ್ತು. ಪಾದರಸ ಸೇವಿಸಿದರೆ ಆಯುಷ್ಯ ಹೆಚ್ಚುತ್ತದೆಂಬ ಮಾತನ್ನೂ ಅವರು ಬಲವಾಗಿ ಅಲ್ಲಗಳೆದರು. 1552ರಿಂದ 1578ರವರೆಗೆ, 27 ವರ್ಷ, ಸುಮಾರು 800 ಗ್ರಂಥಗಳನ್ನು ಪರಿಶೀಲಿಸಿದರು. ಕಾಡುಮೇಡು ಸುತ್ತಿ, ರೈತರನ್ನೂ ಬೇಟೆಗಾರರನ್ನೂ ವಿಚಾರಿಸಿದರು. 1,892 ಔಷಧದ್ರವ್ಯಗಳ, 11,000ಕ್ಕೂ ಹೆಚ್ಚು ಔಷಧ ಯೋಗಗಳ 'ಬೆನ್‌ಸಾವ್ ಗಾಂಗ್‌ಮು' ಹೀಗೆ ಸಿದ್ಧವಾಯಿತು. 1593ರಲ್ಲಿ ಅವರು ತೀರಿಕೊಂಡರು. ಗ್ರಂಥ ನಾನ್‌ಜಿಂಗ್‌ನಲ್ಲಿ ಅಚ್ಚಾಗಿ ಹೊರಬಂದದ್ದು 1596ರಲ್ಲಿ.

ಆ ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಗ್ರಂಥದಲ್ಲಿರುವ ಮಾ ಹುವಾಂಗ್ ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದರು. ಅದು ಉಬ್ಬಸಕ್ಕೆ ಔಷಧವಾಯಿತು. ಚಳಿಜ್ವರಕ್ಕೆಂದು ಅದರಲ್ಲಿ ಹೇಳಿರುವ ಚಿಂಗ್‌ಹಾವ್ ಗಿಡದ ಬಗ್ಗೆ 4ನೇ ಶತಮಾನದ ಗೆ ಹಾಂಗ್ ಕೂಡ ಬರೆದಿದ್ದರು. ಸೊಪ್ಪನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಬೇಕೆಂಬ ಗೆ ಹಾಂಗ್ ಅವರ ಸೂಚನೆಯೇ ವಿಜ್ಞಾನಿ ತು ಯೂಯೂ ಅವರಿಗೆ ಸುಳಿವಾಯಿತು. ಹೆಚ್ಚು ಶಾಖದಲ್ಲಿ ಗುಣ ಕೆಡುತ್ತಿರಬಹುದೆಂದು ಊಹಿಸಿ, 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದರಿಂದ ದೊರೆತ ಆರ್ಟಿಮಿಸಿನಿನ್ ಮಲೇರಿಯಾ ರೋಗಿಗಳ ಪ್ರಾಣ ಉಳಿಸಿತು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಎಲ್ಲ ಮದ್ದೂ ಹೀಗೆ ಗೆಲ್ಲಲಿಲ್ಲ ಎಂಬುದನ್ನೂ ನೀವು ತಿಳಿದಿರಬೇಕು. ನಮ್ಮ ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ, ಚೀನಾದಲ್ಲಿ ಬಹುಕಾಲ ಬಳಸಿದ ಕೆಲವು ಬಳ್ಳಿಗಳು ಮೂತ್ರಪಿಂಡವನ್ನು ಹಾಳುಮಾಡಿ ಕ್ಯಾನ್ಸರಿಗೂ ಕಾರಣವಾಗುತ್ತವೆಂದು ಆಧುನಿಕ ಸಂಶೋಧನೆ ತೋರಿಸಿದೆ.

ಆದ್ದರಿಂದ ಓದುಗರೇ, ಹಿರಿಯರು ಬಿಟ್ಟುಹೋದ ಜ್ಞಾನವನ್ನು ಗೌರವದಿಂದ ಓದಿ. ಪರೀಕ್ಷಿಸಿದ ಮೇಲೆ ಒಪ್ಪಿಕೊಳ್ಳಿ. ಪರೀಕ್ಷೆಯಲ್ಲಿ ಮೂರು ಬಾರಿ ಸೋತ ಆ ವೈದ್ಯರು ಲೋಕಕ್ಕೆ ಕಲಿಸಿದ ಪಾಠ ಇದೇ.